ಮುರಕಲ್ಲಿನ ಮೈದಾನಕ್ಕೆ ಎಂಥ ಹಾಕಿ ಸ್ಟಿಕ್ ತೆಗೆದುಕೊಳ್ಳಬೇಕು?

ಹಾಕಿ ಸ್ಟಿಕ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ಬಹುಪಾಲು ನೀರು ಹಾಯಿಸಿದ ನೀಲಿ ಟರ್ಫ್ ಮೇಲೆ ಆಡುವವರಿಗೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಕೃತಕ ಹುಲ್ಲಿಗೆ ಹೋಯಿತು, ಆಮೇಲೆ ಸ್ಟಿಕ್ ಮಾಡುವವರ ಲೆಕ್ಕಾಚಾರವೂ ಅದರ ಹಿಂದೆಯೇ ಹೋಯಿತು. ಆದರೆ ಮಂಗಳೂರು, ಉಡುಪಿ ಕಡೆ ಶಾಲೆ-ಕಾಲೇಜಿನ ಮಕ್ಕಳು ಆಡುವುದು ಹೆಚ್ಚಾಗಿ ಕೆಂಪು ಮಣ್ಣಿನಲ್ಲಿ. ಫೆಬ್ರವರಿ ದಾಟಿದ ಮೇಲೆ ಮೈದಾನ ನೋಡಿ: ಮೇಲಿನ ನುಣ್ಣಗಿನ ಮಣ್ಣು ಧೂಳಾಗಿ ಹಾರಿಹೋಗಿ, ಅಡಿಯಿಂದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರುಗಳು ತಲೆ ಎತ್ತಿರುತ್ತವೆ. ಅದರ ಮೇಲೆ ಸ್ಟಿಕ್ ಎಳೆಯುವುದೂ ಒಂದೇ, ಉಪ್ಪುಕಾಗದದಲ್ಲಿ ತಿಕ್ಕುವುದೂ ಒಂದೇ.

ಹಾಗಾಗಿ ಇಲ್ಲಿ ಸ್ಟಿಕ್ ಸಾಯುವುದು ಒಳಗಿನ ಬಿಗಿ ಹೋಗಿ ಅಲ್ಲ, ಅಂಚು ಸವೆದು. ಐದು ಸಾವಿರದ ಕಾರ್ಬನ್ ಸ್ಟಿಕ್ಕಿಗೂ ಒಂದೂವರೆ ಸಾವಿರದ ಫೈಬರ್ ಸ್ಟಿಕ್ಕಿಗೂ ಈ ಕಲ್ಲು ಒಂದೇ ಮರ್ಯಾದೆ ಕೊಡುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇದೊಂದನ್ನು ನೆನಪಿಟ್ಟುಕೊಂಡೇ ಅಂಗಡಿಗೆ ಹೋಗಿ.

ಮೊದಲು ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಬರೀ 'ಹಾಕಿ ಸ್ಟಿಕ್' ಅಂತ ಹುಡುಕಿದರೆ ನಡುವೆ ಐಸ್ ಹಾಕಿಯ ಸ್ಟಿಕ್ಕುಗಳೂ ಬರುತ್ತವೆ. ಉದ್ದ ಹಿಡಿ, ತುದಿಯಲ್ಲಿ ಚಪ್ಪಟೆ ಹಲಗೆ, ಪಕ್ಕದಲ್ಲಿ ಎಡಗೈಗೋ ಬಲಗೈಗೋ ಎಂಬ ಆಯ್ಕೆ. ಅದು ಹಿಮದ ಆಟದ್ದು. ನಮ್ಮ ಹಾಕಿಯಲ್ಲಿ ಎಡಗೈ ಸ್ಟಿಕ್ ಅನ್ನುವುದೇ ಇಲ್ಲ. ಎಲ್ಲ ಸ್ಟಿಕ್ಕಿನ ಎಡಬದಿ ಚಪ್ಪಟೆ, ಬಲಬದಿ ಉಬ್ಬು, ಚೆಂಡನ್ನು ಉಬ್ಬಿದ ಬದಿಯಿಂದ ಆಡಿದರೆ ಫೌಲ್. ಎಡಚರ ಮಕ್ಕಳೂ ಇದೇ ಸ್ಟಿಕ್ಕಿನಲ್ಲಿ ಕಲಿಯಬೇಕು. ಎಡಗೈ ಮೇಲೆಯೇ ಇರುವುದರಿಂದ ಅವರಿಗೆ ಅದು ಅಂಥ ಕಷ್ಟವೂ ಅಲ್ಲ.

ಉದ್ದದಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ದೊಡ್ಡವರ ಸಾಮಾನ್ಯ ಅಳತೆ 36.5 ಇಂಚು, ಅಂದರೆ ಸುಮಾರು 92.7 ಸೆಂ.ಮೀ. ಆಟಗಾರರ ಎತ್ತರ 165ರಿಂದ 180 ಸೆಂ.ಮೀ. ಒಳಗಿದ್ದರೆ ಇದೇ ಸಾಕು. ಅದಕ್ಕಿಂತ ಎತ್ತರದವರಿಗೆ 37.5. 160ರ ಆಸುಪಾಸಿಗೆ 36, 150ಕ್ಕೆ 34 ಅಥವಾ 35, ಅದಕ್ಕೂ ಗಿಡ್ಡ ಮಕ್ಕಳಿಗೆ 32, 30 ಹೀಗೆ ಇಳಿಯುತ್ತದೆ. ಸ್ಟಿಕ್ಕನ್ನು ದೇಹದ ಪಕ್ಕ ನೆಟ್ಟಗೆ ನಿಲ್ಲಿಸಿದಾಗ ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬಂದರೆ ಸರಿ. ಹೊಕ್ಕುಳು ದಾಟಿದರೆ ತೀರ ಉದ್ದ. ಅಪ್ಪ-ಅಮ್ಮಂದಿರು "ಮುಂದಿನ ವರ್ಷಕ್ಕೂ ಆಗಲಿ" ಅಂತ ಯೂನಿಫಾರ್ಮ್ ಹೊಲಿಸಿದ ಹಾಗೆ ದೊಡ್ಡದು ಕೊಡಿಸುತ್ತಾರೆ. ಉದ್ದ ಸ್ಟಿಕ್ ಹಿಡಿದ ಮಗು ಬಗ್ಗುವುದಿಲ್ಲ, ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡು ಆಡುತ್ತದೆ, ಡ್ರಿಬ್ಲಿಂಗ್ ಕಲಿಯುವ ವಯಸ್ಸು ಹಾಗೇ ಕಳೆದುಹೋಗುತ್ತದೆ. ಒಂದು ಇಂಚು ಗಿಡ್ಡವಾದರೆ ನಡೆಯುತ್ತದೆ, ಒಂದು ಇಂಚು ಉದ್ದವಾಗುವುದು ಬೇಡ. ಮೇಲೆ ಅಂಟಿಸಿದ ಚೀಟಿಯನ್ನೂ ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ.

ತೂಕಕ್ಕೆ ನಿಯಮದ ಮಿತಿ 737 ಗ್ರಾಂ, ಆದರೆ ಈಗ ಯಾರೂ ಅಷ್ಟು ಭಾರದ್ದು ಹಿಡಿಯುವುದಿಲ್ಲ. 530ರ ಹತ್ತಿರ ಇದ್ದರೆ ಹಗುರ, 540ರಿಂದ 560 ಮಧ್ಯಮ, ಅದರ ಮೇಲೆ ಭಾರ. ಕಲಿಯುವವರಿಗೂ ಫಾರ್ವರ್ಡ್‌ಗಳಿಗೂ ಹಗುರವೇ ಒಳ್ಳೆಯದು. ಡಿಫೆಂಡರ್‌ಗೆ ಮಾತ್ರ ಸ್ವಲ್ಪ ಭಾರ ಅನುಕೂಲ, ಹೊಡೆತಕ್ಕೆ ಬಲ ಸಿಗುತ್ತದೆ. ಕಡಿಮೆ ಬೆಲೆಯ ಸ್ಟಿಕ್ಕುಗಳಲ್ಲಿ ಬರೆದ ತೂಕಕ್ಕೂ ನಿಜವಾದ ತೂಕಕ್ಕೂ ಎಷ್ಟೋ ಸಲ ತಾಳಮೇಳ ಇರುವುದಿಲ್ಲ, ಒಂದೇ ಮಾಡೆಲ್ಲಿನ ಎರಡು ಸ್ಟಿಕ್ ಬೇರೆಬೇರೆ ತೂಗುತ್ತವೆ. ಸಂಕೋಚ ಬೇಡ, ಪಕ್ಕದ ಜಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ. ಆಮೇಲೆ ಎಡಗೈಯೊಂದರಲ್ಲೇ ಹಿಡಿಯ ತುದಿ ಹಿಡಿದು, ಮುಂದಕ್ಕೆ ಚಾಚಿ, ಮಣಿಕಟ್ಟು ತಿರುಗಿಸಿ. ತಲೆ ಕೆಳಕ್ಕೆ ಜಗ್ಗಿದ ಹಾಗೆ ಅನಿಸಿದರೆ ತಕ್ಕಡಿ ಏನೇ ಹೇಳಲಿ, ಅದು ನಿಮಗೆ ಭಾರವೇ.

ಈಗ ಎಲ್ಲರೂ ಜಗಳಾಡುವ ವಿಷಯ: ಮರವೋ, ಫೈಬರೋ, ಕಾರ್ಬನ್ನೋ.

ಮರದ ಸ್ಟಿಕ್ಕಿನ ತಲೆ ಹಿಪ್ಪುನೇರಳೆಯದು, ರೇಷ್ಮೆ ಹುಳ ಸೊಪ್ಪು ತಿನ್ನುತ್ತದಲ್ಲ, ಅದೇ ಮರ. ಎಳೆ ಬಾಗಿದರೂ ಸುಲಭಕ್ಕೆ ಸೀಳುವುದಿಲ್ಲ ಎಂಬುದು ಅದರ ಗುಣ. ದೇಶದ ಸ್ಟಿಕ್ಕುಗಳು ಹೆಚ್ಚಾಗಿ ಜಲಂಧರ್ ಮತ್ತು ಮೀರತ್‌ನಿಂದ ಬರುತ್ತವೆ. ದೇಶ ಒಡೆದಾಗ ಸಿಯಾಲ್‌ಕೋಟ್ ಬಿಟ್ಟು ಬಂದ ಕುಶಲಕರ್ಮಿಗಳು ಅಲ್ಲಿ ನೆಲೆ ನಿಂತದ್ದರಿಂದ. ಸುಮಾರು ಆರುನೂರರಿಂದ ಸಾವಿರ ರೂಪಾಯಿಗೆ ಒಳ್ಳೆಯ ಮರದ ಸ್ಟಿಕ್ ಸಿಗುತ್ತದೆ, ಕೈಗೆ ಹಿತ, ಚೆಂಡು ನಿಲ್ಲಿಸುವಾಗ ಜುಮ್ಮೆನ್ನುವುದಿಲ್ಲ. ನಮ್ಮ ಕಡೆ ಅದಕ್ಕೆ ಒಂದೇ ಶತ್ರು: ಜೂನ್ ತಿಂಗಳು. ಬಣ್ಣ ಕಿತ್ತುಹೋದ ಜಾಗದಿಂದ ನೀರು ಒಳಗಿಳಿದರೆ ಎಳೆ ಉಬ್ಬುತ್ತದೆ, ಒಣಗುವಾಗ ಪದರ ಬಿಡುತ್ತದೆ. ಒಂದು ಮಳೆಗಾಲ ಒದ್ದೆಯಲ್ಲಿ ಆಡಿದ ಮರದ ಸ್ಟಿಕ್ ಗಣೇಶ ಚೌತಿ ಹೊತ್ತಿಗೆ ಬಾಯಿ ತೆರೆದಿರುತ್ತದೆ. ಅಕ್ಟೋಬರಿನಿಂದ ಮೇ ವರೆಗೆ ಮಾತ್ರ ಆಡುವ ಶಾಲೆಯ ಮಗುವಿಗೆ, ಮೊದಲ ಸ್ಟಿಕ್ಕಾಗಿ, ಮರದ್ದೇ ಸಾಕು.

ಕಾಂಪೊಸಿಟ್ ಅಂದರೆ ಫೈಬರ್‌ಗ್ಲಾಸ್, ಕಾರ್ಬನ್, ಅರಾಮಿಡ್ (ಒಂದು ಗಟ್ಟಿ ಸಿಂಥೆಟಿಕ್ ನೂಲು) ಎಳೆಗಳನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಅಂಟಿಸಿ ಅಚ್ಚಿಗೆ ಹಾಕಿದ್ದು. ಕಾರ್ಬನ್ ಹೆಚ್ಚಾದಷ್ಟು ಸ್ಟಿಕ್ ಬಿಗಿ, ಹೊಡೆತ ಜೋರು. ಜೊತೆಗೆ ಚೆಂಡು ತಡೆಯುವಾಗ ಪುಟಿದು ದೂರ ಹೋಗುವುದೂ ಹೆಚ್ಚು, ಕಲ್ಲಿಗೆ ಬಡಿದರೆ ಬಿರುಕು ಬಿಡುವುದೂ ಬೇಗ. ಫೈಬರ್‌ಗ್ಲಾಸ್ ಸ್ವಲ್ಪ ಬಳುಕುತ್ತದೆ, ಪೆಟ್ಟು ತಡೆಯುತ್ತದೆ. ಅರಾಮಿಡ್ ಇದ್ದರೆ ಕೈಗೆ ಬರುವ ನಡುಕ ಕಡಿಮೆ. ಟರ್ಫ್ ಮೇಲೆ ಚೆಂಡು ಹೇಳಿದ ಹಾಗೆ ಕೇಳುತ್ತದೆ, ಅಲ್ಲಿ 70-90 ಶೇಕಡಾ ಕಾರ್ಬನ್‌ಗೆ ಅರ್ಥವಿದೆ. ಕಲ್ಲಿಗೆ ತಾಗಿ ಎಲ್ಲಿಗೋ ನೆಗೆಯುವ ಚೆಂಡನ್ನು ಮೊದಲು ಹಿಡಿದು ನಿಲ್ಲಿಸಬೇಕಲ್ಲ ಮಾರಾಯ್ರೆ, ಆಮೇಲೆ ತಾನೇ ಹೊಡೆತ! ಬರೀ ಫೈಬರ್ ಅಥವಾ 10-20 ಶೇಕಡಾ ಕಾರ್ಬನ್ ಸಾಕು. ಫೈಬರಿನದ್ದು ಅಂದಾಜು 1,200ರಿಂದ 2,200 ರೂಪಾಯಿ, ಸ್ವಲ್ಪ ಕಾರ್ಬನ್ ಸೇರಿದರೆ ಎರಡೂವರೆ ಸಾವಿರದಿಂದ ಮೇಲೆ. ಒಂಬೈನೂರು ರೂಪಾಯಿಗೆ 'ಪ್ಯೂರ್ ಕಾರ್ಬನ್' ಅಂತ ಯಾರಾದರೂ ಕೊಟ್ಟರೆ ಅದು ಕಪ್ಪು ಚೌಕುಳಿ ಸ್ಟಿಕ್ಕರ್ ಅಂಟಿಸಿದ ಫೈಬರ್.

ಬೌ ಅಂದರೆ ಸ್ಟಿಕ್ಕಿನ ಉದ್ದಕ್ಕೂ ಇರುವ ಬಾಗು. ನಿಯಮದ ಪ್ರಕಾರ ಅದು 25 ಮಿ.ಮೀ. ಮೀರಬಾರದು, ಅತಿ ಹೆಚ್ಚು ಬಾಗಿದ ಜಾಗ ತಲೆಯ ಬುಡದಿಂದ ಕನಿಷ್ಠ 200 ಮಿ.ಮೀ. ದೂರ ಇರಬೇಕು. ಇದನ್ನು ಅಂಗಡಿಯಲ್ಲೇ ನೋಡಬಹುದು. ಸ್ಟಿಕ್ಕಿನ ಚಪ್ಪಟೆ ಮುಖ ಕೆಳಗೆ ಬರುವಂತೆ ಟೈಲ್ಸ್ ನೆಲದ ಮೇಲೆ ಇಡಿ. ನಡುವೆ ಕಮಾನಿನ ಹಾಗೆ ಎದ್ದಿರುತ್ತದೆ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ.; ಅದನ್ನು ನೆಟ್ಟಗೆ ನಿಲ್ಲಿಸಿ ಕಮಾನಿನಡಿ ತಳ್ಳಿ. ಒಳಗೆ ಹೋಯಿತೆಂದರೆ ಬಾಗು ಮಿತಿ ಮೀರಿದೆ, ಟೂರ್ನಮೆಂಟಿನಲ್ಲಿ ಅಂಪೈರ್ ಹೊರಗೆ ಹಾಕಬಹುದು. ಬಳಿಕ ಕಮಾನಿನ ನೆತ್ತಿ ಎಲ್ಲಿದೆ ಅಳೆಯಿರಿ. ಬುಡದಿಂದ 20-21 ಸೆಂ.ಮೀ.ಗೆ ಇದ್ದರೆ ಲೋ ಬೌ, 25ರ ಹತ್ತಿರ ಮಿಡ್ ಬೌ, 30ರ ಹತ್ತಿರ ಸಾದಾ. ಲೋ ಬೌ ಇರುವುದು ಡ್ರ್ಯಾಗ್ ಫ್ಲಿಕ್ ಹೊಡೆಯುವವರಿಗೆ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದು ತಂದು ಗೋಲಿನತ್ತ ಎಸೆಯುವವರಿಗೆ. ಹೊಸಬರ ಕೈಗೆ ಅದು ಸಿಕ್ಕಿದರೆ ಸಾದಾ ಹಿಟ್ ಕೂಡ ಮೇಲೆ ಹಾರಿ ಎದುರಿನವರ ಮೊಣಕಾಲಿಗೆ ಬೀಳುತ್ತದೆ. ನೋಡಲು ಸ್ಟೈಲ್ ಅಂತ ಕಾಲೇಜು ಹುಡುಗರು ಅದನ್ನೇ ಎತ್ತಿಕೊಳ್ಳುತ್ತಾರೆ. ಪೆನಾಲ್ಟಿ ಕಾರ್ನರ್‌ನಲ್ಲಿ ಹೀಗೆ ಡ್ರ್ಯಾಗ್ ಫ್ಲಿಕ್ ಹೊಡೆಯುವವರಲ್ಲದಿದ್ದರೆ ಸಾದಾ ಅಥವಾ ಮಿಡ್ ಬೌ ಹಿಡಿಯಿರಿ. ತಲೆಯ ಆಕಾರದಲ್ಲಿ ಹೆಚ್ಚು ಯೋಚನೆ ಬೇಡ, ಮಿಡಿ ಎಂಬ ಮಧ್ಯಮ ಅಳತೆಯ ತಲೆ ಎಲ್ಲದಕ್ಕೂ ಆಗುತ್ತದೆ.

ಅಂಗಡಿಯಲ್ಲಿ ಇನ್ನೆರಡು ನಿಮಿಷ ಇದೆ ಅಂದುಕೊಳ್ಳಿ. ಹಿಡಿಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು, ಬಡಗಿ ರೀಪು ನೋಡುವ ಹಾಗೆ ಉದ್ದಕ್ಕೆ ನೋಡಿ. ತಲೆ ಒಂದು ಬದಿಗೆ ತಿರುಚಿಕೊಂಡಿದ್ದರೆ ಬೇಡ. ತಲೆಯ ಸುತ್ತ ಹೆಬ್ಬೆರಳು ಓಡಿಸಿ, ಚೂಪು ಏನೂ ತಾಗಬಾರದು. ಆ ಹತ್ತು ರೂಪಾಯಿ ನಾಣ್ಯ ಇನ್ನೂ ಕೈಯಲ್ಲಿದೆಯಲ್ಲ, ಅದರ ಅಂಚಿನಿಂದ ತಲೆಯಿಂದ ಮೇಲಕ್ಕೆ ಎರಡೆರಡು ಇಂಚಿಗೊಮ್ಮೆ ಮೆಲ್ಲಗೆ ಬಡಿಯಿರಿ. ಗಟ್ಟಿ 'ಟಕ್' ಸದ್ದು ನಡುವೆ ಒಂದೇ ಕಡೆ 'ದಬ್' ಅಂತ ಬದಲಾದರೆ ಒಳಗೆ ಪದರ ಬಿಟ್ಟಿದೆ. ಸೆಕೆಂಡ್ ಹ್ಯಾಂಡ್ ಸ್ಟಿಕ್ ತೆಗೆದುಕೊಳ್ಳುವಾಗ ಈ ಪರೀಕ್ಷೆ ಬಿಡಲೇಬಾರದು. ಮೇಲಿನ ಲ್ಯಾಕರ್‌ನಲ್ಲಿ ಕೂದಲಿನಂಥ ಗೆರೆಗಳಿದ್ದರೆ ಹೆದರಬೇಡಿ. ಆದರೆ ಗೆರೆಯ ಸುತ್ತ ಬೆಳ್ಳಗಾಗಿದ್ದರೆ, ಒತ್ತಿದಾಗ ಮೆತ್ತಗೆ ತಾಗಿದರೆ, ಅಲ್ಲಿ ಎಳೆಯೇ ಮುರಿದಿದೆ.

ಸೆಕೆಂಡ್ ಹ್ಯಾಂಡ್ ಅಂದ ಮೇಲೆ, ನಮಗೊಂದು ಅನುಕೂಲವಿದೆ: ಸಂಪಾಜೆ ಘಾಟಿ ಹತ್ತಿದರೆ ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಿಂದಾಗಿ (ಮನೆತನಗಳ ನಡುವಿನ ಪಂದ್ಯಾವಳಿ) ಅಲ್ಲಿ ಮನೆಮನೆಯಲ್ಲೂ ಸ್ಟಿಕ್ ಇರುತ್ತದೆ. ಮಂಗಳೂರಿನ ಕಾಲೇಜುಗಳಲ್ಲಿ ಓದುವ ಕೊಡಗಿನ ಮಕ್ಕಳನ್ನು ಕೇಳಿ ನೋಡಿ. ಒಂದು ಸೀಸನ್ ಆಡಿದ ಸ್ಟಿಕ್ ಅರ್ಧ ಬೆಲೆಗೆ ಸಿಕ್ಕಿದರೆ, ಅಂಚು ಸರಿಯಿದ್ದರೆ, ಹೊಸದಕ್ಕಿಂತ ಅದೇ ಲಾಭ.

ತಂದ ದಿನವೇ, ಮೈದಾನಕ್ಕೆ ಇಳಿಸುವ ಮೊದಲೇ, ತಲೆಯ ಅಡಿ ಅಂಚಿಗೆ ಬಟ್ಟೆ ಟೇಪ್ ಹಾಕಿ. ಟೇಪ್ ಹಾಕಲು ನಿಯಮದಲ್ಲಿ ಅಡ್ಡಿಯಿಲ್ಲ, ನುಣುಪಾಗಿರಬೇಕು, ಟೇಪ್ ಸೇರಿ ಇಡೀ ಸ್ಟಿಕ್ 51 ಮಿ.ಮೀ. ಒಳವ್ಯಾಸದ ಬಳೆಯಲ್ಲಿ ತೂರಬೇಕು ಅಷ್ಟೆ. ಒಂದೇ ಪದರ ಹಾಕಿ, ಹರಿದಾಗ ಬದಲಿಸಿ. ಮೂರು ಪದರ ಸುತ್ತಿದರೆ ತಲೆ ಭಾರವಾಗುತ್ತದೆ. ಹೆಚ್ಚು ಸವೆಯುವುದು ಎಲ್ಲಿ ಅಂದರೆ, ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ ಚೆಂಡು ತಡೆಯುವಾಗ ನೆಲಕ್ಕೆ ತಾಗುವ ಅಂಚು, ಮತ್ತು ರಿವರ್ಸ್ ಹೊಡೆಯುವ, ಅಂದರೆ ಸ್ಟಿಕ್ ತಿರುಗಿಸಿ ಎಡಬದಿಯಿಂದ ಹೊಡೆಯುವ ಅಂಚು. ಟೊಮಾಹಾಕ್ (ಅಂಚಿನಿಂದ ಹೊಡೆಯುವ ಜೋರು ರಿವರ್ಸ್ ಹೊಡೆತ) ಅಭ್ಯಾಸವನ್ನು ಕಲ್ಲಿನ ಮೈದಾನದಲ್ಲಿ ಒಳ್ಳೆಯ ಸ್ಟಿಕ್ಕಿನಿಂದ ಮಾಡಲೇಬೇಡಿ, ಹಳೆಯ ಸ್ಟಿಕ್ಕೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಿ. ಚೆಂಡಿನ ಮೇಲೂ ಕಣ್ಣಿರಲಿ: ಚಕ್ಕೆ ಎದ್ದ ಚೆಂಡು ಸ್ಟಿಕ್ಕಿನ ಮುಖವನ್ನು ಪ್ರತಿ ಪಾಸಿಗೂ ಕೆತ್ತುತ್ತದೆ.

ಅಂಚಿನಲ್ಲಿ ಎಳೆ ಕಾಣತೊಡಗಿದರೆ ಅದೇ ವಾರ ಮುಚ್ಚಬೇಕು. ಮೊದಲು ಉಪ್ಪುಕಾಗದದಲ್ಲಿ ಎದ್ದ ಎಳೆಗಳನ್ನು ಉಜ್ಜಿ ಸಮ ಮಾಡಿ. ಧೂಳು ಬಾಯಿಗೆ, ಕೈಗೆ ತುರಿಕೆ ತರುತ್ತದೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊರಗೆ ಕೂತು ಉಜ್ಜಿ. ಒರಸಿ, ಪೂರ್ತಿ ಒಣಗಿದ ಮೇಲೆ ಅರಾಲ್ಡೈಟ್ ಅಂಟಿನ ಎರಡು ಟ್ಯೂಬಿನಿಂದ ಸಮಪಾಲು ತೆಗೆದು ಕಲಸಿ, ತೆಳ್ಳಗೆ ಸವರಿ. ಬೇಗ ಗಟ್ಟಿಯಾಗುವ ಐದು ನಿಮಿಷದ್ದಕ್ಕಿಂತ ನಿಧಾನದ್ದು ಬಾಳಿಕೆ ಬರುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಪೂರ್ತಿ ಒಂದು ದಿನ ಮುಟ್ಟಬೇಡಿ. ಮತ್ತೆ ಉಜ್ಜಿ ನುಣುಪು ಮಾಡಿ, ಟೇಪ್ ಹಾಕಿ. ಒದ್ದೆ ಇದ್ದಾಗಲೇ ಅಂಟು ಸವರಿದರೆ ವಾರದೊಳಗೆ ಚಿಪ್ಪು ಚಿಪ್ಪಾಗಿ ಏಳುತ್ತದೆ.

ಇಲ್ಲಿನ ಬೆವರಿಗೆ ಗ್ರಿಪ್ ಕೂಡ ಬೇಗ ಹಾಳು. ಟವೆಲ್ ಗ್ರಿಪ್ ಬೆವರು ಹೀರುತ್ತದೆ ನಿಜ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಣಗುವುದಿಲ್ಲ, ಬೂಸ್ಟು ಹಿಡಿದು ನಾರುತ್ತದೆ. ಶಾಮಾಯ್ (ಮೆತ್ತನೆ ಚರ್ಮದಂಥ) ಗ್ರಿಪ್ ಒದ್ದೆಯಲ್ಲೂ ಜಾರುವುದಿಲ್ಲ. ಹಳೆಯದನ್ನು ಕಿತ್ತು, ಉಳಿದ ಅಂಟನ್ನು ಉಜ್ಜಿ ತೆಗೆದು, ಹಿಡಿಯ ಮೇಲ್ತುದಿಯಿಂದ ಶುರುಮಾಡಿ ಕೆಳಕ್ಕೆ ಸುತ್ತಿ. ಪ್ರತಿ ಸುತ್ತು ಹಿಂದಿನದರ ಮೇಲೆ ಎರಡು-ಮೂರು ಮಿ.ಮೀ. ಬರಲಿ, ಎಳೆದು ಹಿಡಿದೇ ಸುತ್ತಿ, ಸಡಿಲವಾದರೆ ಎರಡನೇ ದಿನವೇ ಮಡಿಕೆ ಬೀಳುತ್ತದೆ. ಕೊನೆಗೆ ಟೇಪ್. ಬ್ಯಾಡ್ಮಿಂಟನ್ ಗ್ರಿಪ್ ಅಗ್ಗ ಅಂತ ತಂದರೆ ಒಂದು ಸಾಲುವುದಿಲ್ಲ, ಎರಡು ಬೇಕು.

ಮನೆಗೆ ಬಂದ ಮೇಲೆ ಒಣಬಟ್ಟೆಯಲ್ಲಿ ಒರಸಿ, ಫ್ಯಾನಿನಡಿ ಒಣಗಿಸಿ. ಒದ್ದೆ ಸ್ಟಿಕ್ಕನ್ನು ಬ್ಯಾಗಿನೊಳಗೇ ಬಿಡುವುದು, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮರೆಯುವುದು, ಎರಡೂ ಕೆಟ್ಟದ್ದು. ಮೊದಲನೆಯದು ಮರಕ್ಕೆ, ಎರಡನೆಯದು ರೆಸಿನ್‌ಗೆ. ಗೋಡೆಗೆ ಒರಗಿಸುವುದಕ್ಕಿಂತ ಎರಡು ಮೊಳೆ ಹೊಡೆದು ಅಡ್ಡ ಮಲಗಿಸಿಡಿ, ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆ ಬಿಟ್ಟು ಒಳಗೋಡೆಗೆ.