‘ಯಾವುದಕ್ಕೆ ಹಚ್ಚಬೇಕ್ರಿ ಸರ್?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪಿಯುಸಿ ರಿಸಲ್ಟ್ ಬಂದ ವಾರದಿಂದ ಈ ಪ್ರಶ್ನೆ ಶುರುವಾಗುತ್ತದೆ. “ಸರ್, ನಮ್ಮ ಹುಡುಗನ್ನ ಯಾವುದಕ್ಕೆ ಹಚ್ಚಬೇಕ್ರಿ?” ನಾನು ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಹೀಗಾಗಿ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ದೀಪಾವಳಿ ಕಳೆಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಬರುತ್ತದೆ. ಅದನ್ನು ಮಕ್ಕಳೇ ಬಂದು ಕೇಳುತ್ತಾರೆ. “ಸರ್, ನಂಗ ಇದು ತಿಳೀವಲ್ದು. ಬಿಟ್ಟುಬಿಡ್ಲೇನ್ರಿ?”

ಎರಡಕ್ಕೂ ಸೇರಿಸಿ ಉತ್ತರ ಹೇಳುತ್ತೇನೆ. ಕೋರ್ಸಿನ ಹೆಸರು ನೋಡಿ ಆರಿಸಬೇಡಿ, ಅದರಲ್ಲಿ ದಿನಾ ಮಾಡುವ ಕೆಲಸ ನೋಡಿ ಆರಿಸಿ. ಸೇರಿದ ಮೇಲೆ ಕಷ್ಟ ಆಯಿತು ಅನ್ನಿ, ಆ ಕಷ್ಟ ಸಬ್ಜೆಕ್ಟಿನದೋ ಇಂಗ್ಲಿಷಿನದೋ ಗೊತ್ತಾಗುವ ತನಕ ಬಿಡುವ ಮಾತು ಬೇಡ.

ನಮ್ಮ ಕಡೆ ಮಕ್ಕಳಿಗೆ ಕಣ್ಣಿಗೆ ಬಿದ್ದ ಕೆಲಸವೇ ಆಸೆಯಾಗುತ್ತದೆ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಹತ್ತಿರದ ಹುಡುಗರು ಎಲೆಕ್ಟ್ರಿಕಲ್ ಅನ್ನುತ್ತಾರೆ. ಹಟ್ಟಿ ಚಿನ್ನದ ಗಣಿ ಕಡೆಯವರು ಮೈನಿಂಗ್ ಅನ್ನುತ್ತಾರೆ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ನೋಡಿಕೊಂಡು ಬೆಳೆದವರಿಗೆ ಮೆಕ್ಯಾನಿಕಲ್. ಊರಲ್ಲಿ ಯಾರಾದರೂ ಪಿಎಸ್‌ಐ ಆದರೆ ಮರುವರ್ಷ ಓಣಿಯ ಹುಡುಗರೆಲ್ಲ ಬಿಎ. ಇದರಲ್ಲಿ ತಪ್ಪೇನಿಲ್ಲ, ಕಾಣದ ಕೆಲಸಕ್ಕೆ ಯಾರು ತಾನೇ ಆಸೆ ಪಡುತ್ತಾರೆ? ಆದರೆ ಅವರಿಗೆ ಕಂಡಿರುವುದು ಕ್ವಾರ್ಟರ್ಸು, ಯೂನಿಫಾರ್ಮು, ಗಾಡಿ. ಒಳಗೆ ಎಂಟು ಗಂಟೆ ಏನು ಮಾಡುತ್ತಾರೆ ಅನ್ನೋದು ಕಂಡಿಲ್ಲ.

ಆಮೇಲೆ ಸೀಟಿನ ಲೆಕ್ಕ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ನಮ್ಮ ಭಾಗಕ್ಕೆ ದೊಡ್ಡ ಬಲ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70% ಸೀಟು ಇಲ್ಲಿಯವರಿಗೆ. ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8%. ಸಹಾಯಕ ಆಯುಕ್ತರ (ಎಸಿ) ಕಚೇರಿಯಲ್ಲಿ 371ಜೆ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಿ, ಕೌನ್ಸೆಲಿಂಗ್ ಹಿಂದಿನ ದಿನ ಓಡಾಡಬೇಡಿ. ಅಷ್ಟಾದರೂ ಒಂದು ಮಾತು. ಸೀಟು ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ ಸೇರಿದ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಬಾಡಿಹೋಗುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಹಾಗಾದರೆ ಹೇಗೆ ಆರಿಸಬೇಕು? ಆ ಕೋರ್ಸಿನ ಕೊನೆ ವರ್ಷದಲ್ಲಿ ಓದುತ್ತಿರುವ ಒಬ್ಬರನ್ನು ಹಿಡಿಯಿರಿ. ಊರಲ್ಲಿ ಇಲ್ಲ ಅಂದರೆ ಪಕ್ಕದ ಊರಲ್ಲಿ ಇದ್ದೇ ಇರುತ್ತಾರೆ. ‘ಸ್ಕೋಪ್ ಇದೆಯಾ’ ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ‘ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದೆ’ ಅಂತ ಕೇಳಿ. ರೆಕಾರ್ಡ್ ಬುಕ್ ಇಸಕೊಂಡು ಮಗುವಿನ ಕೈಗೆ ಕೊಡಿ. ನರ್ಸಿಂಗ್ ಅಂದರೆ ವಾರ್ಡ್ ಡ್ಯೂಟಿ, ರಾತ್ರಿ ಪಾಳಿ, ಏಳಲಾಗದ ರೋಗಿಯ ಮೈ ಒರೆಸುವುದು. ಬಿಕಾಂ ಅಂದರೆ ಲೆಕ್ಕ ತಾಳೆ ಆಗುವ ತನಕ ಎದ್ದೇಳದೆ ಕೂರುವುದು. ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಸೇರಿದವರು ಹೊಲಕ್ಕೂ ಹೋಗುತ್ತಾರೆ. ಅದರ ಜೊತೆ ಕೀಟಗಳ ಹೆಸರು, ಮಣ್ಣಿನ ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಓದಬೇಕು. ಕೊನೆಯ ವರ್ಷ ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಬೇಸರದ ಕೆಲಸ ಇಲ್ಲದ ಕೋರ್ಸೇ ಇಲ್ಲ. ಯಾವ ಬೇಸರವನ್ನು ನಿಮ್ಮ ಮಗು ತಡೆದುಕೊಳ್ಳುತ್ತದೆ, ಅದನ್ನು ನೋಡಿ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮನೆಯವರು ಒಂದು ವಿಷಯ ತಿಳಿದಿರಬೇಕು. ಪಿಯುಸಿಯಲ್ಲಿ ಸೈನ್ಸ್ ಓದಿದವರು ಬಿಎಗೆ, ಬಿಕಾಂಗೆ ಬರಬಹುದು. ಆರ್ಟ್ಸ್ ಓದಿದವರು ಬಿಎಸ್ಸಿಗೆ ಹೋಗಲು ಬರುವುದಿಲ್ಲ. ಇದಕ್ಕೆ ಹೆದರಿ ಎಲ್ಲರನ್ನೂ ಸೈನ್ಸಿಗೆ ಹಚ್ಚಬೇಡಿ. ಕೈಕೆಲಸದಲ್ಲಿ ಆಸಕ್ತಿ ಇರುವ ಹುಡುಗನಿಗೆ ಪಾಲಿಟೆಕ್ನಿಕ್ ಇದೆ. 3 ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು.

ಈಗ ‘ತಿಳೀವಲ್ದು’ ಅನ್ನುವ ಮಕ್ಕಳ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ.

ಮಾನ್ವಿ ಕಡೆಯ ಒಬ್ಬ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬಿಎಸ್ಸಿ ಮೊದಲ ಸೆಮಿಸ್ಟರಿನಲ್ಲಿ ಫ್ಲೈವೀಲ್ ಪ್ರಯೋಗ ಇರುತ್ತದೆ. ಗೋಡೆಗೆ ಕೂರಿಸಿದ ಭಾರದ ಚಕ್ರ. ಅದರ ಆಕ್ಸಲ್‌ಗೆ ದಾರ ಸುತ್ತಿ, ತೂಕ ಕಟ್ಟಿ, ಕೆಳಗೆ ಬಿಡಬೇಕು. ತೂಕ ಕಳಚಿ ಬಿದ್ದ ಮೇಲೆ ಚಕ್ರ ಎಷ್ಟು ಸುತ್ತು ಸುತ್ತಿ ನಿಂತಿತು, ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದುಕೊಳ್ಳಬೇಕು. ಇವಳು ಚಕ್ರದ ಅಂಚಿಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಹಾಕಿಕೊಂಡು, ಅದು ಮೇಲೆ ಬಂದಾಗಲೆಲ್ಲ ತುಟಿಯಲ್ಲೇ ಎಣಿಸುತ್ತಿದ್ದಳು. ಮತ್ತೆ ಮತ್ತೆ ತೆಗೆದ ರೀಡಿಂಗ್‌ಗಳೆಲ್ಲ ಹತ್ತಿರ ಹತ್ತಿರ ಬಂದವು. ಇಡೀ ಬ್ಯಾಚಿನಲ್ಲಿ ಅಷ್ಟು ಚೊಕ್ಕ ಕೆಲಸ ಯಾರದೂ ಇರಲಿಲ್ಲ.

ಅದೇ ಹುಡುಗಿಯ ಇಂಟರ್ನಲ್ಸ್ ಪೇಪರ್ ನೋಡಿದರೆ, ಪ್ರಾಬ್ಲಂಗಳು ಪೂರ್ತಿ ಸರಿ. ಥಿಯರಿಗೆ ಪ್ರಶ್ನೆಯ ನಂಬರ್ ಬರೆದು ಜಾಗ ಖಾಲಿ ಬಿಟ್ಟಿದ್ದಾಳೆ. “ನಂಗ ಫಿಸಿಕ್ಸ್ ಬರಂಗಿಲ್ರಿ ಸರ್, ಬಿಎಗೆ ಹೋಗ್ತೀನ್ರಿ” ಅಂದಳು. “ತೂಕ ಬಿದ್ದ ಮ್ಯಾಲೂ ಚಕ್ರ ಯಾಕ ತಿರುಗತೈತಿ, ಕನ್ನಡದಾಗ ಹೇಳವ್ವಾ” ಅಂದೆ. ಪೂರ್ತಿ ಹೇಳಿದಳು. ಕೊನೆಗೆ ಯಾಕೆ ನಿಲ್ಲುತ್ತದೆ ಅನ್ನೋದನ್ನೂ ನಾನು ಕೇಳುವ ಮೊದಲೇ ಹೇಳಿದಳು. ಈ ಹುಡುಗಿಗೆ ಫಿಸಿಕ್ಸ್ ಬರುವುದಿಲ್ಲ ಅಂತ ಯಾರು ಹೇಳುತ್ತಾರೆ?

ಇಂಥವರು ಒಬ್ಬಿಬ್ಬರಲ್ಲ. ಹಳ್ಳಿ ಶಾಲೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಕಲಿತವರಿಗೆ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ. ಎರಡು ವರ್ಷ ಹೇಗೋ ಬಾಯಿಪಾಠ ಮಾಡಿ ದಾಟುತ್ತಾರೆ. ಡಿಗ್ರಿಯಲ್ಲಿ ಅದು ನಡೆಯುವುದಿಲ್ಲ. ಆಗ ‘ಈ ಭಾಷೆ ನನಗೆ ಇನ್ನೂ ಹಿಡಿತಕ್ಕೆ ಬಂದಿಲ್ಲ’ ಅಂತ ಅನ್ನಿಸುವುದಿಲ್ಲ. ‘ನಾನು ದಡ್ಡ’ ಅನ್ನಿಸುತ್ತದೆ. ಕೋರ್ಸ್ ಬಿಡುವುದು ಅಲ್ಲಿಂದ ಶುರು.

ಅದಕ್ಕೇ ನಾನು ಹೇಳುವ ಪರೀಕ್ಷೆ ಸುಲಭದ್ದು. ತಿಳಿಯದ ಪಾಠವನ್ನು ಯಾರಿಂದಾದರೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ನಂತರ ನೀವು ಗೆಳೆಯರಿಗೆ ಕನ್ನಡದಲ್ಲಿ ಹೇಳಿ. ಹೇಳಲು ಬಂದರೆ ಸಬ್ಜೆಕ್ಟ್ ನಿಮ್ಮದೇ, ಬಿಡಬೇಡಿ. ಉತ್ತರವನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಹತ್ತನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕವನ್ನು ರದ್ದಿಗೆ ಹಾಕಬೇಡಿ, ಕರೆಂಟು, ಬೆಳಕಿನ ಪಾಠಗಳ ಬುನಾದಿ ಅದರಲ್ಲೇ ಇದೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್ ಹಾಳಾಗುತ್ತದೆ ಅಂತ ಹೆದರಿಸುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಇದಕ್ಕೆ ಉಲ್ಟಾ ಮಕ್ಕಳೂ ಇದ್ದಾರೆ. ಇಂಗ್ಲಿಷ್ ಚೆನ್ನಾಗಿದೆ, ಕನ್ನಡದಲ್ಲಿ ಹೇಳಿದರೂ ತಿಳಿಯುತ್ತದೆ, ಆದರೆ ಮನಸ್ಸೇ ಇಲ್ಲ. ಅಂಥ ಒಬ್ಬ ಹುಡುಗ ಸಂಜೆಯಾದರೆ ಎಪಿಎಂಸಿಯಲ್ಲಿ ಅಪ್ಪನ ದಲಾಲಿ ಅಂಗಡಿಗೆ ಓಡುತ್ತಿದ್ದ. ಹತ್ತಿ ರೇಟು, ಚೀಟಿ, ಪಟ್ಟಿ, ಬಾಕಿ ಎಲ್ಲ ಅವನ ಬಾಯಲ್ಲೇ ಇತ್ತು. ‘ಬಿಕಾಂಗೆ ಹೋಗಪ್ಪ’ ಅಂತ ನಾನೇ ಹೇಳಿದೆ. ಮೊದಲ ವರ್ಷದಲ್ಲೇ ಬದಲಾಯಿಸಿದರೆ ಒಂದು ವರ್ಷ ಹೋಗಬಹುದು, ಹೋಗಲಿ. ಒಲ್ಲದ ಸಬ್ಜೆಕ್ಟಿನಲ್ಲಿ ಮೂರು ವರ್ಷ ತೆಗೆಯುವುದಕ್ಕಿಂತ ಅದು ಮೇಲು. ಮನೆಯವರು ಅದನ್ನು ಮರ್ಯಾದೆಯ ಪ್ರಶ್ನೆ ಮಾಡಬಾರದು.

ಸಬ್ಜೆಕ್ಟ್ ಇಷ್ಟ ಇದ್ದೂ ಬಿಡುವವರು ಇದ್ದಾರಲ್ವಾ? ವಿನ್ಸೆಂಟ್ ಟಿಂಟೊ ಅನ್ನುವ ಅಮೆರಿಕದ ವಿದ್ವಾಂಸರು 1975ರಲ್ಲೇ ಇದರ ಬಗ್ಗೆ ಬರೆದರು. ಓದಿನಲ್ಲೂ, ಜೊತೆಯವರಲ್ಲೂ ಬೆರೆತು ಕಾಲೇಜು ತನ್ನದು ಅನ್ನಿಸಿಕೊಂಡವರು ಉಳಿಯುತ್ತಾರೆ, ಅನ್ನಿಸದವರು ಬಿಡುವುದು ಜಾಸ್ತಿ ಅನ್ನುವುದು ಅವರ ವಾದದ ತಿರುಳು. ನಮ್ಮಲ್ಲೂ ಅದು ದಿನಾ ಕಾಣುತ್ತದೆ. ಹೆಸರು ಹಿಡಿದು ಕರೆಯುವ ಒಬ್ಬ ಮೇಷ್ಟ್ರು, ಬರದಿದ್ದರೆ ಫೋನ್ ಮಾಡುವ ಇಬ್ಬರು ಗೆಳೆಯರು ಇದ್ದವರು ಒಂದೆರಡು ಸಬ್ಜೆಕ್ಟ್ ಉಳಿದರೂ ಕಟ್ಟಿ ಪಾಸಾಗುತ್ತಾರೆ. ಒಬ್ಬರೇ ಹಿಂದಿನ ಬೆಂಚಿನಲ್ಲಿ ಕೂತು ಬಸ್ಸಿಗೆ ಓಡುವವರು ಯಾವಾಗ ಬಿಟ್ಟರು ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ.

ಟಿಂಟೊ ಅವರ ಊರಿನಲ್ಲಿ ಇಲ್ಲದ ಕಾರಣಗಳೂ ನಮ್ಮಲ್ಲಿವೆ. ಹತ್ತಿ ಬಿಡಿಸುವ ದಿನಗಳಲ್ಲಿ ಕ್ಲಾಸು ಅರ್ಧ ಖಾಲಿ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಗಳು ಮನೆಯಲ್ಲಿ. ಆಮೇಲೆ 75% ಹಾಜರಾತಿ ಇಲ್ಲ ಅಂತ ಪರೀಕ್ಷೆಗೆ ಕೂರಿಸುವುದಿಲ್ಲ. ಇಂಥದ್ದು ಇದ್ದರೆ ಮೊದಲೇ ಬಂದು ಹೇಳಿ, ಆಗ ಏನಾದರೂ ದಾರಿ ಹುಡುಕಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ನೆಪದಲ್ಲಿ ಹೆಣ್ಣುಮಕ್ಕಳನ್ನು ಬಿಡಿಸುವುದಕ್ಕಂತೂ ಕಾರಣ ಉಳಿದಿಲ್ಲ. ಎರಡನೇ ವರ್ಷದ ಬೇಸಿಗೆಯಲ್ಲಿ ಮದುವೆ ಮಾತು ತೆಗೆಯುವ ತಂದೆ ತಾಯಿಗೆ ಕೈಮುಗಿದು ಕೇಳುತ್ತೇನೆ, ಇನ್ನೊಂದೇ ವರ್ಷ ತಡೆಯಿರಿ.

ಸಿಲೆಬಸ್ ಗೊಂದಲವೂ ಸೇರಿಕೊಂಡಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024-25ರಿಂದ ಮತ್ತೆ ರಾಜ್ಯದ್ದೇ ಪದ್ಧತಿ, 3 ವರ್ಷದ ಡಿಗ್ರಿ. ಅಕ್ಕನ ನೋಟ್ಸ್ ತಂಗಿಗೆ ಪೂರ್ತಿ ಹೊಂದುವುದಿಲ್ಲ. ಸೀನಿಯರ್ ನೋಟ್ಸ್ ಇಸಕೊಂಡರೆ ಈಗಿನ ಸಿಲೆಬಸ್ ಪಕ್ಕದಲ್ಲಿಟ್ಟು ಓದಿ.

ಕೊನೆ ವರ್ಷಕ್ಕೆ ಬಂದು ಬಿಡುತ್ತೇನೆ ಅನ್ನುವವರಿಗೆ ನನ್ನದು ಒಂದೇ ಮಾತು, ಮುಗಿಸಿ. ಕೆಎಎಸ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. 3 ವರ್ಷದ ಎಲ್‌ಎಲ್‌ಬಿಗೆ, ಎಂಬಿಎಗೆ ಬೇರೆ ಬೇರೆ ಡಿಗ್ರಿಯವರು ಸೇರುತ್ತಾರೆ. ಮೇಷ್ಟ್ರಾಗಬೇಕು ಅಂದರೆ ಬಿ.ಎಡ್ 2 ವರ್ಷ. ಲೈನ್ ಬದಲಾಯಿಸುವುದಿದ್ದರೆ ಡಿಗ್ರಿ ಕೈಯಲ್ಲಿಟ್ಟುಕೊಂಡು ಬದಲಾಯಿಸಿ. ಉಳಿದ ಸಬ್ಜೆಕ್ಟ್ ಇದ್ದರೆ ಈ ಸೆಮಿಸ್ಟರಿನ ಪರೀಕ್ಷಾ ಫೀ ಕಟ್ಟುವ ಕೊನೆ ದಿನ ಯಾವತ್ತು ಅಂತ ನಾಳೆಯೇ ಆಫೀಸಿನಲ್ಲಿ ಕೇಳಿಕೊಳ್ಳಿ.