ಅಪ್ಪನ ಹಾರ್ಡ್ ಡಿಸ್ಕ್‌ಗೆ ಒಂದು ಪಟ್ಟಿ: ಮೂರನೇ ವಾರ

ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಯಕ್ಷಗಾನದ ರೆಕಾರ್ಡಿಂಗ್, ಮದುವೆ ಮುಂಜಿಯ ಫೋಟೋ ಎಲ್ಲ ಒಂದೇ ಹಾರ್ಡ್ ಡಿಸ್ಕ್‌ನಲ್ಲಿದೆ. ಯಾವ ಫೋಲ್ಡರ್ ಒಳಗೆ ಏನಿದೆ ಅಂತ ಅವರಿಗೇ ನೆನಪಿಲ್ಲ. ಡಿಸ್ಕ್ ಕೈಕೊಡುವ ಮೊದಲು ಪೂರ್ತಿ ಪಟ್ಟಿ ಬೇಕು. ಅದಕ್ಕೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಪುಟ್ಟ ಸ್ಕ್ರಿಪ್ಟ್.

ಮೊದಲ ವಾರ, ಒಂದು ಫೋಲ್ಡರ್ ಒಳಗೆ ಏನಿದೆ ಅಂತ ಮಾತ್ರ ಹೇಳುವ ಓಎಸ್.ಲಿಸ್ಟ್‌ಡಿರ್ ಬಳಸಿ, ಫೋಲ್ಡರ್ ಸಿಕ್ಕಾಗಲೆಲ್ಲ ಅದೇ ಫಂಕ್ಷನ್ ಮತ್ತೆ ಓಡುವಂತೆ ಬರೆದಿದ್ದೆ. ಈಗ, ಫೋಲ್ಡರ್‌ಗಳ ಒಳಗೊಳಗೂ ತಾನೇ ಹೋಗಿಬರುವ ಓಎಸ್.ವಾಕ್‌ಗೆ ಬದಲಾಯಿಸಿದೆ. ಒಂದೊಂದು ಫೋಲ್ಡರ್‌ಗೂ ಅದು ಮೂರು ಕೊಡುತ್ತದೆ: ಫೋಲ್ಡರ್ ಇರುವ ದಾರಿ, ಒಳಗಿನ ಫೋಲ್ಡರ್‌ಗಳ ಪಟ್ಟಿ, ಫೈಲ್‌ಗಳ ಪಟ್ಟಿ. ವೇರಿಯಬಲ್‌ಗಳಿಗೆ ‘ದಾರಿ’, ‘ಒಳಗಿನವು’ ಅಂತಲೇ ಹೆಸರಿಟ್ಟಿದ್ದೇನೆ. ಪೈಥಾನ್ 3 ಕನ್ನಡದ ಹೆಸರನ್ನು ಒಪ್ಪುತ್ತದೆ, ಓದೋಕೂ ಖುಷಿ.

ಫೋನಿನ ಬ್ಯಾಕಪ್‌ನಲ್ಲಿರುವ, ಫೋಟೋಗಳ ಪುಟಾಣಿ ಪ್ರತಿಗಳ ‘.ಥಂಬ್‌ನೇಲ್ಸ್’ ಫೋಲ್ಡರ್ ಬಿಡಬೇಕಿತ್ತು. ‘ಒಳಗಿನವು = ’ ಅಂತ ಸೋಸಿದ ಪಟ್ಟಿ ಕೊಟ್ಟೆ. ಆದರೂ ವಾಕ್ ಅದರೊಳಗೆ ಹೊಕ್ಕೇ ಬಿಟ್ಟಿತು. ಯಾಕೆ ಅಂದ್ರೆ, ನಾನು ಮಾಡಿದ್ದು ಹೊಸ ಪಟ್ಟಿ; ವಾಕ್ ಕೈಯಲ್ಲಿರುವುದು ಹಳೆಯದು. ‘ಒಳಗಿನವು[:] = ’ ಅಂತ ಬರೆದ ಮೇಲೆ ಅದೇ ಪಟ್ಟಿ ಬದಲಾಯಿತು, ಆ ಫೋಲ್ಡರ್ ಕಡೆ ತಿರುಗಿಯೂ ನೋಡಲಿಲ್ಲ. ಇನ್ನೊಂದು: ತೆರೆಯಲಾಗದ ಫೋಲ್ಡರ್ ಸಿಕ್ಕರೆ ವಾಕ್ ಸುಮ್ನೆ ದಾಟಿ ಹೋಗುತ್ತದೆ. ವಾಕ್‌ನ ಆನ್‌ಎರರ್ ಅನ್ನುವ ಆಯ್ಕೆಗೆ ಒಂದು ಫಂಕ್ಷನ್ ಕೊಟ್ಟರೆ ಮಾತ್ರ ನಮಗೆ ಗೊತ್ತಾಗುವುದು. ಹಳೇ ಡಿಸ್ಕ್ ಓದುವವರು ಇದನ್ನು ಬಿಡಲೇಬಾರದು.

ಈ ವಾರ ಜಾಸ್ತಿ ಹೊತ್ತು ತಿಂದಿದ್ದು ಬೇರೆಯೇ. ಪಟ್ಟಿಯಲ್ಲಿ ‘ಫೋಟೋ’ ಅನ್ನುವ ಫೋಲ್ಡರ್ ಒಂದೇ ಜಾಗದಲ್ಲಿ ಎರಡು ಸಲ ಬಂತು. ಒಂದೇ ಕಡೆ ಒಂದೇ ಹೆಸರಿನ ಎರಡು ಫೋಲ್ಡರ್ ಇರೋಕಾಗಲ್ಲ, ಅಲ್ವಾ? ಎರಡೂ ಹೆಸರಿನಲ್ಲಿ ಎಷ್ಟೆಷ್ಟು ಚಿಹ್ನೆ ಇವೆ ಅಂತ ಪೈಥಾನ್‌ನಲ್ಲಿ ಎಣಿಸಿದೆ. ಒಂದು 4, ಇನ್ನೊಂದು 8!

‘ಫೋ’ದಲ್ಲಿರುವ ಓಕಾರವನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಮೂರಾಗಿ ಬಿಡಿಸಿಯೂ ಇಡಬಹುದು. ಪರದೆ ಮೇಲೆ ಎರಡೂ ಒಂದೇ. ಚಿಕ್ಕಪ್ಪನ ಹಳೇ ಮ್ಯಾಕ್‌ನಿಂದ ಒಂದಷ್ಟು ಫೋಲ್ಡರ್ ನಕಲು ಮಾಡಿಕೊಂಡಿದ್ದೆವು. ಅದರ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿರುವ ನಾರ್ಮಲೈಸ್‌ಗೆ ‘ಎನ್‌ಎಫ್‌ಸಿ’ (ಬಿಡಿಸಿದ್ದನ್ನು ಕೂಡಿಸಿದ ರೂಪ) ಅಂತ ಹೇಳಿದರೆ ಎರಡೂ 4 ಆಗುತ್ತವೆ. ಹೋಲಿಸಿ ನೋಡುವಾಗ ಮಾತ್ರ ಹೀಗೆ ಮಾಡುತ್ತೇನೆ. ಫೈಲ್ ತೆರೆಯಲು ಡಿಸ್ಕ್‌ನಲ್ಲಿ ಇದ್ದ ಹೆಸರೇ ಬೇಕು, ಅದನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಕೊನೆಗೆ ಪಟ್ಟಿಯನ್ನು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಟ್ಟ ಸಾಲುಗಳು) ಮಾಡಿ ಉಳಿಸಿದೆ. ವಿಂಡೋಸ್‌ನ ಎಕ್ಸೆಲ್‌ನಲ್ಲಿ ಕನ್ನಡ ಕಲಸಿಹೋಗಿತ್ತು. ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲ್‌ನಲ್ಲಿ ಬರೆದಿಡುವ ರೀತಿ) ‘ಯುಟಿಎಫ್-8-ಸಿಗ್’ ಮಾಡಿದೆ, ಸರಿಯಾಯಿತು.

ಭಾನುವಾರ ಅಪ್ಪನ ಜೊತೆ ಕೂತು ಎರಡೂ ‘ಫೋಟೋ’ ಫೋಲ್ಡರ್ ತಾಳೆ ನೋಡುವುದಿದೆ. ಅಜ್ಜಿಯ ಫೋಟೋ ಚಿಕ್ಕಪ್ಪನ ಕಡೆಯದರಲ್ಲಿ ಮಾತ್ರ ಇದೆ.