ಸ್ಪ್ಯಾನರ್ ಲೆಕ್ಕ

ಇವತ್ತು ಅಕ್ಕನ ಮಗ ಬಂದು ನನ್ನ ಸ್ಕೂಟರಿನ ಕನ್ನಡಿ ಬಿಗಿ ಮಾಡಿಕೊಟ್ಟ. ಆಮೇಲೆ ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಎಣಿಸಿದ. ಎರಡು ಸಲ!

“ಇದೇನು ವಿಮಾನವೇನೋ?” ಅಂತ ನಕ್ಕೆ.

“ಅಲ್ಲಿ ಒಂದು ಕಡಿಮೆ ಬಂದ್ರೆ, ಸಿಗೋ ತನಕ ವಿಮಾನ ಬಿಡಲ್ಲ ಚಿಕ್ಕಮ್ಮ” ಅಂದ.

ಪಿಯುಸಿಯಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಓದಿ ವಿಮಾನ ರಿಪೇರಿ ಕಡೆ ಹೋದವನು. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಯಲ್ಲಿ ಪ್ರತಿ ಮಾಡ್ಯೂಲ್‌ಗೂ, ಅಂದ್ರೆ ಪ್ರತಿ ಪೇಪರ್‌ಗೂ, 100ಕ್ಕೆ 75 ಬರಬೇಕು. ನಮ್ಮ ಕಾಲದಲ್ಲಿ 35ಕ್ಕೇ ಪಾಯಸ! ಮನುಷ್ಯ ಎಲ್ಲೆಲ್ಲಿ ಎಡವುತ್ತಾನೆ ಅನ್ನೋದಕ್ಕೇ ಒಂದು ಪೇಪರ್ ಇದೆ. ನಿದ್ದೆಗೆಟ್ಟಾಗ, ಅವಸರದಲ್ಲಿ, ಮರೆವಿನಲ್ಲಿ. ಪಾಸಾದ ಕೂಡಲೇ ಲೈಸೆನ್ಸ್ ಸಿಗುವುದಿಲ್ಲ. ನಿಜವಾದ ವಿಮಾನದ ಮೇಲೆ ಮಾಡಿದ ಕೆಲಸವನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಬೇಕು, ವರ್ಷಗಟ್ಟಲೆ.

ಆ ಪೇಪರ್ ಅಡುಗೆಮನೆಗೂ ಬೇಕು ಅಲ್ವಾ? ಸಂಜೆ ಸುಮ್ನೆ ಚಮಚ ಎಣಿಸಿದೆ.

12ರಲ್ಲಿ 9.